ಯಾವ ಹೊಸಹಳ್ಳಿ?

ಪಂಪ್‌ಸೆಟ್ ಅಂಗಡಿಯವರಿಗೆ ಬೇಕಾದ ವಿಳಾಸ ಗಿರಾಕಿಯ ಬೋರಿನದು. ಮನೆ ಊರೊಳಗಿರುತ್ತದೆ, ಸುಟ್ಟ ಮೋಟರು ಊರಾಚೆ ತೆಂಗಿನ ತೋಟದ ಯಾವುದೋ ಮೂಲೆಯಲ್ಲಿ, ನೆಲದಿಂದ ನೂರಾರು ಅಡಿ ಕೆಳಗಿರುತ್ತದೆ. ನಾನು ತುರುವೇಕೆರೆಯ ಇಂಥದೊಂದು ಅಂಗಡಿಗೆ ಲೆಕ್ಕ ಬರೆಯಲು ಸೇರಿದಾಗ ಆ ವಿಳಾಸಗಳೆಲ್ಲ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಡ್ಜರಿನಲ್ಲಿದ್ದವು. ಕಸಬಾ, ದಂಡಿನಶಿವರ, ದಬ್ಬೇಘಟ್ಟ, ಮಾಯಸಂದ್ರ ಎಂದು ಹೋಬಳಿಗೊಂದು ಭಾಗ. ಒಳಗಡೆ ಊರುಗಳನ್ನು ಬಸ್ಸು ಹೋಗುವ ಸಾಲಿನಲ್ಲೇ ಬರೆದಿದ್ದರು. ಬಸ್ಸಿನಲ್ಲಿ ಮೊದಲು ಸಿಗುವ ಊರು ಮೊದಲ ಪುಟ. ಮೇಸ್ತ್ರಿ ಚೈನ್ ಪುಲ್ಲಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಡುತ್ತಿದ್ದ ಕಾಲದ ಪುಸ್ತಕ ಅದು.

ಹೆಸರಿನ ಪಕ್ಕದಲ್ಲಿ ಗುರುತು: ‘ಏರಿ ಇಳಿದು ಎಡಕ್ಕೆ, ಜೋಡಿ ಹುಣಸೆಮರ’, ‘ನಾಲೆ ಆಚೆ’. ಬಾಕಿಯ ಕಲಂನಲ್ಲಿ ತಾರೀಕಿನ ಜಾಗಕ್ಕೆ ‘ಕೊಬ್ಬರಿ ಆದ ಮೇಲೆ’. ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ವರ್ಷ ಹತ್ತಿರ ಬೇಕು. ಸುಲಿದು, ತಿಪಟೂರಿಗೆ ಹೊಡೆದು, ಹರಾಜಾದ ಮೇಲೆ ದುಡ್ಡು. ನಮ್ಮ ಕಡೆ ಸಾಲದ ವಾಯಿದೆ ಎಂದರೆ ಅದೇ.

ಈಗ ಆ ಲೆಡ್ಜರಿನ ಬಗ್ಗೆ ಅಂಗಡಿಗೆ ಬಂದವರೆಲ್ಲ ಅಭಿಮಾನದಿಂದ ಮಾತಾಡುತ್ತಾರೆ. ನನಗೆ ಅಷ್ಟು ಅಭಿಮಾನವಿಲ್ಲ. ಅದನ್ನು ಓದಿ ಜಾಗ ಮುಟ್ಟಬಲ್ಲವರು ಇದ್ದದ್ದು ಒಬ್ಬರೇ, ಮೇಸ್ತ್ರಿ. ಅವರಿಗೆ ಮಂಡಿ ನೋವು ಬಂದು ಮನೆ ಹಿಡಿದ ಮೇಲೆ ಪುಸ್ತಕ ಅರ್ಧ ಮೂಕವಾಯಿತು. ರಸ್ತೆ ಅಗಲ ಮಾಡುವಾಗ ಹುಣಸೆಮರ ಹೋಗಿತ್ತು. ಬೈಕಿನಲ್ಲಿ ಹೋದ ಹೊಸ ಹುಡುಗರು ದಾರಿಯಿಂದಲೇ ಫೋನು ಮಾಡುತ್ತಿದ್ದರು: “ಸಾರ್, ಹೊಸಳ್ಳಿ ಅಂದ್ರಲ್ಲ, ಯಾವ ಹೊಸಳ್ಳಿ?”

ಲೆಕ್ಕ ಎಕ್ಸೆಲ್‌ಗೆ ಬಂದು ಆಗಲೇ ಬಹಳ ವರ್ಷವಾಗಿತ್ತು. ಯಜಮಾನರ ಮಗ, “ಮ್ಯಾಪಿಗೆ ಹಾಕ್ಬಿಡಿ ಅಣ್ಣ, ಒಂದಿನದ ಕೆಲಸ” ಅಂದ. ಪಟ್ಟಿ ಅಂಟಿಸಿದರೆ ಸಾಕು, ಪಿನ್ನು ತಾನೇ ಬೀಳುತ್ತದೆ ಎನ್ನುವ ಒಂದು ತಾಣದಲ್ಲಿ ಮೊದಲು ನೋಡಿದೆವು. ಪಿನ್ನುಗಳೇನೋ ಬಿದ್ದವು. ನಮ್ಮ ಸಂಪಿಗೆಯ ರೈತರು ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ತೋಟ ಮಾಡಿಕೊಂಡಿದ್ದರು. ಹೊಸಹಳ್ಳಿಯವರು ಕರ್ನಾಟಕದ ತುಂಬ ಚೆದುರಿ ಹೋಗಿದ್ದರು. ಪಿನ್‌ಕೋಡನ್ನಾದರೂ ನಂಬೋಣವೆಂದರೆ, 572227 ಎಂದು ಬರೆದವರೆಲ್ಲ ಒಂದೇ ಚುಕ್ಕಿಯ ಮೇಲೆ ಗುಡ್ಡೆ ಬಿದ್ದರು. ಪಿನ್‌ಕೋಡು 1972ರಲ್ಲಿ ಅಂಚೆ ವಿಂಗಡಿಸಲು ಬಂದದ್ದು. ಅದರಿಂದ ಬೋರು ಹುಡುಕಲು ಹೊರಟವರು ನಾವು.

ಎಕ್ಸೆಲ್‌ನಲ್ಲೇ ಇರುವ 3ಡಿ ಮ್ಯಾಪ್ಸ್ ನೋಡಲು ಚೆಂದ. ಹೋಬಳಿಗೊಂದು ಕಂಬ ಎದ್ದು ನಿಲ್ಲುತ್ತದೆ, ಯಾವ ಕಡೆ ವ್ಯಾಪಾರ ಹೆಚ್ಚು ಎಂದು ಯಜಮಾನರಿಗೆ ತೋರಿಸಬಹುದು. ಮೋಟರ್ ಎತ್ತಲು ಹೋಗುವವನಿಗೆ ಅದರಿಂದ ಏನೂ ಆಗುವುದಿಲ್ಲ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಒಂದು ಪದರಕ್ಕೆ 2,000 ಸಾಲು, ಒಂದು ನಕ್ಷೆಗೆ 10 ಪದರ. ನಮ್ಮಂಥವರಿಗೆ ಧಾರಾಳ, ಹುಡುಗರ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಇನ್ನೊಂದು ಕ್ಯೂಜಿಐಎಸ್. ಗ್ಯಾರಿ ಶರ್ಮನ್ ಎನ್ನುವವರು 2002ರಲ್ಲಿ ಶುರು ಮಾಡಿದ್ದು, ಈಗಲೂ ಪುಕ್ಕಟೆ. ಕಲಿಯಲು ತಲೆ ಕೆಡುತ್ತದೆ. ಆದರೆ ಗಿರಾಕಿಗಳ ಪಟ್ಟಿ ನಮ್ಮ ಕಂಪ್ಯೂಟರು ಬಿಟ್ಟು ಎಲ್ಲೂ ಹೋಗುವುದಿಲ್ಲ, ತಾಲ್ಲೂಕು, ಹೋಬಳಿಗಳ ಗಡಿಯನ್ನು ಅಡಿಯಲ್ಲಿ ಹಾಸಿಕೊಳ್ಳಬಹುದು. ಕಚೇರಿಗೆ ಇದು, ಹುಡುಗರಿಗೆ ಮೈ ಮ್ಯಾಪ್ಸ್ ಎಂದು ಗೊತ್ತುಮಾಡಿಕೊಂಡೆವು.

ಆರಿಸುವುದು ಇಷ್ಟೇ. ನಿಜವಾದ ಕೆಲಸವೆಲ್ಲ ಎಕ್ಸೆಲ್ ಹಾಳೆಯಲ್ಲಿತ್ತು. ನಾವು ಹೆಸರುಗಳನ್ನು ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದಿದ್ದೆವು. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವ ಉಪಾಯ. ಆ ಫಾಂಟು ಬಿಟ್ಟು ಆಚೆ ಕಾಲಿಟ್ಟರೆ ಬರೀ ಗೋಜಲು. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತರಬೇಕಾಯಿತು. ಉಳಿಸುವಾಗಲೂ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು, ಬರೀ ‘ಸಿಎಸ್‌ವಿ’ ಒತ್ತಿದರೆ ಕನ್ನಡವಿದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಆಮೇಲೆ ವಿಳಾಸ. ಊರ ಹೆಸರನ್ನು ನಂಬುವುದು ಬಿಟ್ಟು ಅಕ್ಷಾಂಶ, ರೇಖಾಂಶ ಎಂದು ಎರಡು ಕಲಂ ಹಾಕಿದೆವು. ಬೋರಿನ ಬಾಯಿಯ ಹತ್ತಿರ ನಿಂತ ಹುಡುಗ ಫೋನಿನಲ್ಲಿ ಜಾಗ ಒತ್ತಿ ವಾಟ್ಸಾಪ್ ಮಾಡುತ್ತಾನೆ, ನಾನು ತುಂಬುತ್ತೇನೆ. ದಶಾಂಶದ ನಂತರ ನಾಲ್ಕು ಅಂಕಿ ಇದ್ದರೆ ಹನ್ನೊಂದು ಮೀಟರಿನ ಆಸುಪಾಸು. ತೋಟದಲ್ಲಿ ಅಷ್ಟು ಸಾಕು. ತುರುವೇಕೆರೆ ಪೇಟೆ ಇರುವುದು ಸುಮಾರು 13.16, 76.67ರಲ್ಲಿ. ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು ಬರುತ್ತದೆ, ಕ್ಯೂಜಿಐಎಸ್ ಮಾತ್ರ ಎಕ್ಸ್ ಎಂದು ರೇಖಾಂಶವನ್ನು ಮೊದಲು ಕೇಳುತ್ತದೆ. ಎರಡೂ ಅದಲುಬದಲಾದರೆ ನಮ್ಮ ತಾಲ್ಲೂಕು ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ತೆಂಗಿಗೆ ಅಲ್ಲಿ ನೀರಿನ ತಾಪತ್ರಯವಿಲ್ಲ ಅನ್ನಿ.

ಮೋಟರು ಕೆಡದವರ ತೋಟಕ್ಕೆ ನಮ್ಮವರು ಹೋಗುವುದಿಲ್ಲವಲ್ಲ, ಅವರ ಚುಕ್ಕಿ ಊರ ನಡುವೆಯೇ ಬೂದು ಬಣ್ಣದಲ್ಲಿ ನಿಂತಿರುತ್ತದೆ. ಅದಕ್ಕೇ ‘ಖಚಿತ, ಅಂದಾಜು’ ಎಂದು ಇನ್ನೊಂದು ಕಲಂ. ಕೆಲವರಿಗೆ ಪಹಣಿಯ ಸರ್ವೆ ನಂಬರ್ ಗೊತ್ತಿರುತ್ತದೆ, ಆಗ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಹೊಲ ಹುಡುಕಿ ತುಂಬಿದ್ದೂ ಉಂಟು.

ಚುಕ್ಕಿಗಳು ತುಂಬುತ್ತ ಹೋದಂತೆ ಲೆಡ್ಜರು ಒಂದು ದಿನವೂ ಹೇಳದ ಸಂಗತಿಯೊಂದು ಕಂಡಿತು. ನಮ್ಮ ಗಿರಾಕಿಗಳು ಬಸ್ಸಿನ ರಸ್ತೆಗಳ ಎರಡೂ ಮಗ್ಗುಲಿಗೆ ಒತ್ತಾಗಿದ್ದಾರೆ, ಒಂದೆರಡು ಮೈಲಿ ಒಳಕ್ಕೆ ಹೋದರೆ ಖಾಲಿ. ಅಲ್ಲೂ ತೋಟವಿದೆ, ಬೋರಿದೆ. ಮೇಸ್ತ್ರಿ ಚೈನ್ ಪುಲ್ಲಿ ಹೊತ್ತು ಅಷ್ಟು ದೂರ ನಡೆಯಲಾರರು, ಅಷ್ಟೇ. ಪುಸ್ತಕದಲ್ಲಿ ಇಲ್ಲದವರನ್ನು ಪುಸ್ತಕ ಹೇಗೆ ತೋರಿಸೀತು? ಮಾಯಸಂದ್ರದ ಆಚೆ, ಮಂಡ್ಯ ಜಿಲ್ಲೆಗೆ ಸೇರಿದ ನಾಗಮಂಗಲ ತಾಲ್ಲೂಕಿನ ಗಿರಾಕಿಗಳನ್ನು ‘ಹೊರಗಿನವರು’ ಎಂದು ಕೊನೆಯ ಪುಟಕ್ಕೆ ತಳ್ಳಿದ್ದೆವು. ನಕ್ಷೆಯಲ್ಲಿ ಅವರು ಮಾಯಸಂದ್ರದವರ ಬೇಲಿ ಪಕ್ಕದಲ್ಲೇ ಇದ್ದಾರೆ. ಈಗ ಒಂದೇ ಓಡಾಟದಲ್ಲಿ ಎರಡೂ ಕಡೆ ಮುಗಿಯುತ್ತದೆ.

ನಕ್ಷೆ ಸೋತದ್ದು ನಾಲೆಯ ಹತ್ತಿರ. ಹೇಮಾವತಿ ನಾಲೆಯ ಆಚೆಗಿನ ತೋಟ ಪರದೆಯ ಮೇಲೆ ಕೂಗಳತೆಯಲ್ಲಿರುತ್ತದೆ, ಸೇತುವೆಗೆ ಸುತ್ತಿಕೊಂಡು ಹೋದವನಿಗೇ ಗೊತ್ತು. ಹಳೆಯ ಲೆಡ್ಜರಿನಿಂದ ‘ನಾಲೆ ಆಚೆ’ ಎಂಬುದನ್ನು ಹೆಕ್ಕಿ ಹಾಗೇ ಒಂದು ಕಲಂ ಮಾಡಿದೆ. ಪುಸ್ತಕದಿಂದ ಬದಲಾಗದೆ ಬಂದದ್ದು ಬಹುಶಃ ಅದೊಂದೇ.

ಬಾಕಿಗೂ ಬಣ್ಣ ಕೊಟ್ಟು ನೋಡಿದ್ದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಆ ವರ್ಷದ ಲೆಕ್ಕ ಹಾಕಿದರೆ ಊರಿಗೆ ಊರೇ ಕೆಂಪು. ಕೊಡುವ ಮನಸ್ಸಿಲ್ಲದವನೂ, ಬೆಲೆ ಬರಲೆಂದು ಅಟ್ಟದಲ್ಲಿ ಕೊಬ್ಬರಿ ಇಟ್ಟುಕೊಂಡು ಕಾಯುತ್ತಿದ್ದವನೂ ಒಂದೇ ಬಣ್ಣ. ಹುಡುಗರು ಅದನ್ನೂ ಫೋನಿಗೆ ಹಾಕಿಕೊಡಿ ಎಂದು ಕೇಳಿದರು, ವಸೂಲಿಗೆ ಸಲೀಸಂತೆ. ಮೋಟರ್ ಎತ್ತುವಾಗ ಸುತ್ತ ಹತ್ತು ಜನ ನಿಂತಿರುತ್ತಾರೆ, ಎಲ್ಲರ ಕಣ್ಣೂ ಆ ಫೋನಿನ ಮೇಲೇ ಇರುತ್ತದೆ. ಕೊಡಲಿಲ್ಲ. ಆ ಪದರ ಕಚೇರಿಯ ಕಂಪ್ಯೂಟರಿನಲ್ಲಿದೆ, ಪಾಸ್‌ವರ್ಡು ನನಗೂ ಯಜಮಾನರಿಗೂ ಗೊತ್ತು.