ಕಣ್ಣಿಗೆ ಕನ್ನಡಕ, ಬಾಟಲಿಗೆ ಕನ್ನಡ

ಕನ್ನಡ ಕಲಿಸುವ ನಮಗೆ ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಏನು ಕೆಲಸವೆಂದು ಪಾಲಕರು ಕೇಳಬಹುದು. ನಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸ್ಪಿರಿಟ್ ದೀಪದ ಮೇಲೆ ಬಾಗಿದ ಸಹಪಾಠಿಯೊಬ್ಬಳ ನೈಲಾನ್ ಓಢಣಿಗೆ ಬೆಂಕಿ ತಗುಲಿತು. ಬಟ್ಟೆ ಕರಗಿ ಅವಳ ಕೈಗೆ ಅಂಟಿತು. ಆ ಕೂಗನ್ನು ನಾವಿನ್ನೂ ಮರೆತಿಲ್ಲ.

ಆದುದರಿಂದ ಮಾಡಗ್ಯಾಳದ ಮಕ್ಕಳಿಗಾಗಿ ರಕ್ಷಣೆಯ ಸಾಮಾನು ಆರಿಸುವಾಗ ವಿಜ್ಞಾನದ ಗುರುಗಳೊಡನೆ ನಾವೂ ಕುಳಿತೆವು. ಮೊದಲು ಅಪಾಯ ನೋಡಬೇಕು, ಆಮೇಲೆ ಬೆಲೆ. ಮೇಲಂಗಿ ದಪ್ಪ ಹತ್ತಿಯದಿರಲಿ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಕನ್ನಡಕ ಕಣ್ಣಿನ ಪಕ್ಕವನ್ನೂ ಮುಚ್ಚಬೇಕು. ಓದುವ ಚಷ್ಮಾ ಸಾಲದು. ಫಾರ್ಮಲಿನ್‌ನಲ್ಲಿಟ್ಟ ಮಾದರಿ ಮುಟ್ಟುವಾಗ ನೈಟ್ರೈಲ್ ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ನಿರ್ಣಯಿಸಿತು. ದೀಪದ ಹತ್ತಿರ ಹೋಗುವಾಗ ಮಾತ್ರ ಆ ಕೈಗವಸು ಕಳಚಬೇಕು.

ಬೆಂಕಿ ಆರಿಸಲು ಉಣ್ಣೆಯ ಕಂಬಳಿಯೊಂದನ್ನು ಇಟ್ಟೆವು. ಉಣ್ಣೆ ಸುಲಭವಾಗಿ ಹತ್ತಿಕೊಳ್ಳದೆಂದು ಕುರಿಗಳಿಗೆ ಹೆಸರಾದ ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣಿಗೆ ರಾಸಾಯನಿಕ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಬರದ ನಾಡಿನಲ್ಲಿ ನಾವು ನಳ ಹಚ್ಚಿದ ಡ್ರಮ್ಮೊಂದನ್ನು ಅದಕ್ಕೆಂದೇ ತುಂಬಿಸಿಟ್ಟೆವು.

ಎಲ್ಲ ಮುಗಿಯಿತೆನ್ನುವಷ್ಟರಲ್ಲಿ ಹುಡುಗಿಯೊಬ್ಬಳು ಬಾಟಲಿ ತೋರಿಸಿ, "ಸರ್, ಇದರ ಮ್ಯಾಲೆ ಏನ್ ಬರದಾರ್ರಿ?" ಎಂದಳು. ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿತ್ತು! ಅಂದು ಸಂಜೆಯೇ ಕುಳಿತು ಪ್ರತಿ ಬಾಟಲಿಗೂ ಕನ್ನಡದ ಚೀಟಿ ಅಂಟಿಸಿದೆವು. ನಮ್ಮ ಕೆಲಸ ಯಾವುದೆಂದು ಆಗ ತಿಳಿಯಿತು.

ಮಕ್ಕಳೇ, ಮೊದಲು ಚೀಟಿ ಓದಿರಿ. ಆಮೇಲೆ ಬಾಟಲಿ ಮುಟ್ಟಿರಿ.