ಒಂದು ಪೌಂಡು ಸೀಸ

ನಮ್ಮ ಅಜ್ಜನ ಎಡ ಹೆಗಲ ಮೇಲೆ ಜಡ್ಡುಗಟ್ಟಿದ ಒಂದು ಗುರುತಿತ್ತು. ನೊಗ ಹೊತ್ತ ಎತ್ತಿನ ಹೆಗಲ ಮೇಲೆ ಇರುತ್ತದಲ್ಲ, ಅಂಥದೇ. ಅಂಗಿ ಬಿಚ್ಚಿ ಜಗಲಿಯ ಮೇಲೆ ಕೂತಾಗ ಮೊಮ್ಮಕ್ಕಳಾದ ನಾವು ಅದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆವು. "ನೋವಾಗ್ತದಾ ಅಜ್ಜ?" ಎಂದರೆ, "ಅದಕ್ಕೆಂಥ ನೋವು, ಅದು ಸತ್ತು ಯಾವ ಕಾಲವಾಯ್ತು" ಎನ್ನುತ್ತಿದ್ದ. ಮನೆಗೆ ಬಂದವರು ಯಾರಾದರೂ "ನಿಮ್ಮ ಅಜ್ಜ ದೊಡ್ಡ ಶಿಕಾರಿಯಂತೆ ಹೌದಾ?" ಎಂದು ಕೇಳಿದರೆ ಒಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು: "ಶಿಕಾರಿ ಮಾಡಿದ್ದು ದೊರೆ. ಇವರು ಹೊತ್ತದ್ದು."

ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಬಿಳಿ ದೊರೆಯ ಕೋವಿ ಹೊರುವ ಆಳಾಗಿದ್ದ. ಅದೂ ಒಂದು ನೌಕರಿಯೇ ಎಂದು ಈಗಿನವರಿಗೆ ನಗು ಬರಬಹುದು. ದೊರೆ ತನ್ನ ಕೈಯಲ್ಲಿ ಹಗುರವಾದ ಒಂದು ರೈಫಲ್ ಹಿಡಿದು ಮುಂದೆ ನಡೆಯುವುದು, ಕಾಟಿಯಂಥ ದೊಡ್ಡ ಪ್ರಾಣಿಗೆ ಬೇಕಾದ ಭಾರದ ಕೋವಿಯನ್ನು ಅಜ್ಜ ಹೆಗಲ ಮೇಲಿಟ್ಟು ಒಂದೇ ಹೆಜ್ಜೆ ಹಿಂದೆ ನಡೆಯುವುದು, ದೊರೆ ಹಿಂದಕ್ಕೆ ಕೈ ಚಾಚಿದ ಕೂಡಲೇ ಆ ಕೈಯಲ್ಲಿ ಅದನ್ನಿಡುವುದು. ಕೆಲಸ ಇಷ್ಟೇ.

ಆ ಭಾರದ ಕೋವಿ .470 ನೈಟ್ರೋ ಎಕ್ಸ್‌ಪ್ರೆಸ್ ಎಂಬ ಜೋಡುನಳಿಗೆ ರೈಫಲ್. ನಳಿಗೆಯ ತೂತು ಹೆಚ್ಚುಕಡಿಮೆ ಅರ್ಧ ಅಂಗುಲ. ಈ ವಿಚಿತ್ರ ಅಳತೆಗೂ ಒಂದು ಕಥೆಯಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ರೈಫಲ್ಲುಗಳನ್ನು ಇಂಡಿಯಾದಲ್ಲಿ ನಿಷೇಧಿಸಿತು. ಸೈನ್ಯದ ಹಳೆಯ ಕೋವಿಗಳ ಅಳತೆಯೂ ಅದೇ ಆಗಿದ್ದರಿಂದ ಗುಂಡುಗಳು ದಂಗೆಕೋರರ ಕೈ ಸೇರಿಯಾವೆಂಬ ಭಯ. ಕೋವಿ ಮಾಡುವ ಇಂಗ್ಲಿಷ್ ಕಂಪನಿಗಳು ಕೂಡಲೇ ನಾಲ್ಕು ಕೂದಲೆಳೆ ಹಿಗ್ಗಿಸಿ .465, .470, .475 ಎಂದು ಹೊಸ ಹೊಸ ಅಳತೆಗಳನ್ನು ಹೊರತಂದವು. ಕಾನೂನನ್ನು ಬಳಸಿಕೊಂಡು ಹೋಗುವುದು ನಮ್ಮವರೇ ಕಲಿತ ವಿದ್ಯೆಯೇನಲ್ಲ.

ಈ ಜಾತಿಯ ರೈಫಲ್ ಹತ್ತರಿಂದ ಹನ್ನೊಂದು ಪೌಂಡು ತೂಗುವುದು ವಾಡಿಕೆ. ಅಂದರೆ ಐದು ಕಿಲೋ ಆಸುಪಾಸು. ನಮ್ಮ ದೊರೆ ಮಾತ್ರ ಗುಡ್ಡ ಹತ್ತುವವನು ತಾನು ಎಂಬ ಹಮ್ಮಿನಲ್ಲಿ ಒಂಬತ್ತೂವರೆ ಪೌಂಡಿನದನ್ನು ತರಿಸಿದ್ದನಂತೆ. ಮೊದಲ ದಿನ ಬಂಗಲೆಯ ಹಿಂದೆ ನಿಂತು ನಾಲ್ಕು ಈಡು ಹೊಡೆದ. ಮರುದಿನ ಬೆಳಿಗ್ಗೆ ಬಲಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಅಂಗಿ ಹಾಕಿಕೊಳ್ಳಲು ಬಟ್ಲರನ ಸಹಾಯ ಬೇಕಾಯಿತು. ಎರಡು ದಿನ ಯೋಚಿಸಿ ತೋಟದ ಬಡಗಿಯನ್ನು ಕರೆಸಿದ. ಭುಜಕ್ಕೊತ್ತುವ ಮರದ ಹಿಡಿಯನ್ನು ಹಿಂದಿನಿಂದ ಕೊರೆಸಿ, ಅದರೊಳಕ್ಕೆ ಒಂದು ಪೌಂಡು ಸೀಸದ ತುಂಡನ್ನು ಇಡಿಸಿ, ಬಾಯಿ ಮುಚ್ಚಿಸಿದ. ಕಾಫಿ ತೂಗುವ ತಕ್ಕಡಿಯಲ್ಲಿ ಕೋವಿಯನ್ನಿಟ್ಟು ತೂಗಿದರು: ಹತ್ತೂವರೆ. ದೊರೆಯ ಭುಜಕ್ಕೆ ಸಮಾಧಾನವಾಯಿತು.

ಆ ಸೀಸ ಏನು ಮಾಡಿತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡತೊಡಗಿದಾಗ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಬಂದರೆ ಕೋವಿಯ ಉದಾಹರಣೆ ಬರಲೇಬೇಕು. ನಾನು ಪಾಠ ಮಾಡಿದ ಪುಸ್ತಕವೊಂದರಲ್ಲಿ ನಾಲ್ಕು ಕಿಲೋ ರೈಫಲ್ಲಿನಿಂದ ಗುಂಡು ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಫಾಸ್ಟ್ ಬೌಲರಿನ ಚೆಂಡೇ ಇದಕ್ಕಿಂತ ಜೋರಾಗಿ ಹೋಗ್ತದೆ" ಎಂದ. ನಿಜವೇ. ಅವತ್ತು ಪುಸ್ತಕ ಮುಚ್ಚಿಟ್ಟು ಹಲಗೆಯ ಮೇಲೆ ಅಜ್ಜನ ಕೋವಿಯ ಲೆಕ್ಕವನ್ನೇ ಮಾಡಿದೆ.

ಗುಂಡಿನ ತೂಕ 32 ಗ್ರಾಂ, ಮೂರು ತೊಲಕ್ಕೆ ತುಸು ಕಡಿಮೆ. ಒಂದು ಒಳ್ಳೆಯ ಸರದ ತೂಕ ಎನ್ನಿ. ಅದು ಸೆಕೆಂಡಿಗೆ 650 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಹಿಂದೆ ಸುಟ್ಟ ಮದ್ದಿನ ಹೊಗೆಯೂ ನುಗ್ಗುತ್ತದೆ. ಮುಂದಕ್ಕೆ ಹೋದದ್ದಕ್ಕೆ ಸರಿಸಮನಾಗಿ ಕೋವಿ ಹಿಂದಕ್ಕೆ ಬರಲೇಬೇಕು, ಬಂದು ಭುಜಕ್ಕೆ ಒದೆಯಬೇಕು. ಕೋವಿ ಭಾರವಾದಷ್ಟೂ ನಿಧಾನವಾಗಿ ಬರುತ್ತದೆ. ತೂಕವನ್ನು ಕಾಲುಭಾಗ ಇಳಿಸಿದರೆ ಒದೆತದ ಶಕ್ತಿ ಮೂರನೇ ಒಂದು ಪಾಲು ಏರುತ್ತದೆ. ಒಂಬತ್ತೂವರೆಯನ್ನು ಹತ್ತೂವರೆ ಮಾಡಿದ್ದರಿಂದ ದೊರೆಗೆ ಉಳಿದದ್ದು ಹತ್ತರಲ್ಲಿ ಒಂದು ಪಾಲು ಒದೆತ. ಒದೆತವೆಂದರೆ ಬರೀ ನೋವಿನ ಮಾತಲ್ಲ. ನಾಲ್ಕು ಸಲ ಒದೆಸಿಕೊಂಡವನು ಐದನೆಯ ಸಲ ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಭುಜ ಕುಗ್ಗಿಸುತ್ತಾನೆ, ಗುರಿ ತಪ್ಪುತ್ತದೆ. ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ. ಆದ್ದರಿಂದ ದೊರೆ ಮಾಡಿದ್ದು ಪೂರ್ತಿ ತಪ್ಪೆಂದು ನಾನು ಹೇಳಲಾರೆ.

ಆದರೆ ಆ ಸೀಸ ಕೂತದ್ದು ಕೋವಿಯ ಹಿಂದಿನ ತುದಿಯಲ್ಲಿ. ಅಜ್ಜ ಅದನ್ನು ಹೊರುತ್ತಿದ್ದದ್ದು ನಳಿಗೆಯನ್ನು ಮುಂದೆ ಕೈಯಲ್ಲಿ ಹಿಡಿದು, ಹಿಡಿಯನ್ನು ಬೆನ್ನ ಹಿಂದೆ ಬಿಟ್ಟು. ಹಿಂಭಾರವಾದ ಕೋವಿ ಸದಾ ಬೆನ್ನ ಕಡೆಗೆ ಜಗ್ಗುತ್ತಿತ್ತು. ನಳಿಗೆಯನ್ನು ಕೆಳಕ್ಕೆ ಒತ್ತಿ ಹಿಡಿದೇ ನಡೆಯಬೇಕು. ಹೆಗಲಿಗೆ ಒಂದು ಪೌಂಡು ಹೆಚ್ಚು, ಮಣಿಕಟ್ಟಿಗೆ ಬೇರೆ ಲೆಕ್ಕ. ನೀರಿನ ಕೊಡ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಅಜ್ಜಿ ಬಿಸಿ ಎಣ್ಣೆ ಹಚ್ಚುತ್ತಿದ್ದದ್ದು ಹೆಗಲಿಗಲ್ಲವಂತೆ, ಮಣಿಕಟ್ಟಿಗೆ.

ಬೇಟೆಯ ಪುಸ್ತಕಗಳನ್ನು ನಾನು ಓದಲು ಶುರುಮಾಡಿದ್ದು ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳಿಂದ. ಅಲ್ಲಿಂದ ಲೈಬ್ರರಿಯ ಇಂಗ್ಲಿಷ್ ಪುಸ್ತಕಗಳಿಗೆ ಹೋದೆ. ಎಲ್ಲರೂ ಹುಲಿಯನ್ನು ಹುಡುಕಿದರೆ ನಾನು ಹುಡುಕಿದ್ದು ಕೋವಿ ಹೊತ್ತವರನ್ನು. ಅವರು ಅಲ್ಲಲ್ಲಿ ಇಣುಕಿ ಮಾಯವಾಗುತ್ತಾರೆ. ಸ್ಯಾಮ್ಯುಯೆಲ್ ಬೇಕರ್ ಎಂಬವನು 1860ರ ದಶಕದಲ್ಲಿ ನೈಲ್ ನದಿಯ ಸೀಮೆಗೆ ಹೋದಾಗ ಇಪ್ಪತ್ತು ಪೌಂಡಿನ ಒಂದು ರೈಫಲ್ ಒಯ್ದಿದ್ದ. ಅದು ಅರ್ಧ ಪೌಂಡಿನ ಗುಂಡು ಹಾರಿಸುತ್ತಿತ್ತು. ಹಾರಿಸಿದವನನ್ನು ಬುಗುರಿಯಂತೆ ತಿರುಗಿಸಿಬಿಡುತ್ತಿತ್ತಾದ್ದರಿಂದ ಅವನು ಅದನ್ನು ಮುಟ್ಟುತ್ತಿದ್ದದ್ದೇ ಅಪರೂಪ. ಅದಕ್ಕೆ ಅವನಿಟ್ಟ ಹೆಸರು 'ಬೇಬಿ'. ಕೂಸಿಗೆ ಹೆಸರಿಟ್ಟವನು ಅವನು. ಎತ್ತಿಕೊಂಡು ತಿರುಗಿದವರು ಅರಬ್ ಆಳುಗಳು. ಅವರು ಅದನ್ನು ಫಿರಂಗಿಯ ಮರಿ ಎಂದು ಕರೆಯುತ್ತಿದ್ದರು. ಯಾರ ಹೆಸರು ಸರಿಯೋ ನೀವೇ ಹೇಳಿ. ನಮ್ಮ ಮೈಸೂರು ಸೀಮೆಯಲ್ಲೇ ಖೆಡ್ಡಾ ಮಾಡಿ ಆನೆ ಹಿಡಿಸಿದ ಸ್ಯಾಂಡರ್ಸನ್ನನೂ ಭಾರದ ಕೋವಿಯ ಪಕ್ಷದವನೇ. ಅವನ ಕಾಲದ ಎಂಟು ಬೋರಿನ ಕೋವಿಗಳು ಏಳು ಕಿಲೋ ದಾಟಿ ತೂಗುತ್ತಿದ್ದವು.

ಇದಕ್ಕೆ ತೀರ ವಿರುದ್ಧವಾದವನು ಬೆಲ್ ಎಂಬ ಸ್ಕಾಟ್‌ಲೆಂಡಿನವನು. ದಂತಕ್ಕಾಗಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಓದಿದರೆ ಹೊಟ್ಟೆ ತೊಳಸುತ್ತದೆ. ಬಹಳಷ್ಟನ್ನು ಕೊಂದದ್ದು .275 ಎಂಬ ಹಗುರ ರೈಫಲ್ಲಿನಿಂದ. ಆನೆಯ ತಲೆಬುರುಡೆಗಳನ್ನು ಸೀಳಿ ಮಿದುಳು ಎಲ್ಲಿರುತ್ತದೆಂದು ಕಲಿತಿದ್ದನಂತೆ. ಗುಂಡು ಎಲ್ಲಿಗೆ ಬೀಳಬೇಕೆಂದು ಬಲ್ಲವನಿಗೆ ಭಾರದ ಕೋವಿ ಬೇಡ ಎಂಬುದು ಅವನ ವಾದ. ಜಿಮ್ ಕಾರ್ಬೆಟ್ಟನ ಬಳಿಯೂ ಒಂದು .275 ಇತ್ತು, 1907ರಲ್ಲಿ ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಬಂದ ಉಡುಗೊರೆ. 1930ರಲ್ಲಿ ಚೌಗಢದ ನರಭಕ್ಷಕ ಹುಲಿ ಎದುರಾದಾಗ ಅವನ ಎಡಗೈಯಲ್ಲಿ ದಾರಿಯಲ್ಲಿ ಸಿಕ್ಕಿದ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ಒಂದೇ ಕೈಯಲ್ಲಿ ರೈಫಲ್ಲನ್ನು ಇಂಚಿಂಚಾಗಿ ತಿರುಗಿಸಿ ಹೊಡೆದ. ಕೈಯಲ್ಲಿದ್ದದ್ದು ನಮ್ಮ ದೊರೆಯ ಹತ್ತೂವರೆ ಪೌಂಡಾಗಿದ್ದರೆ ಆ ಕಥೆ ಬರೆಯಲು ಅವನು ಉಳಿಯುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುವುದುಂಟು. ಆದರೆ ಸಿಟ್ಟಿಗೆದ್ದು ಮೈಮೇಲೆ ಬರುವ ಕಾಟಿಯನ್ನು ತಡೆಯಲು .275ರ ಚಿಕ್ಕ ಗುಂಡಿಗೆ ಸಾಧ್ಯವಿಲ್ಲ. ಅಲ್ಲಿ ಭಾರದ ಗುಂಡೇ ಬೇಕು, ಅದನ್ನು ಹಾರಿಸಲು ಭಾರದ ಕೋವಿಯೇ ಬೇಕು.

ಹೆಂಗಸರ ವಿಷಯವನ್ನೂ ಹೇಳಿಬಿಡುತ್ತೇನೆ. ದೊರೆಸಾನಿಗೂ ಒಮ್ಮೆ ಈಡು ಕಲಿಯುವ ಆಸೆಯಾಯಿತಂತೆ. ಹೆಂಗಸು, ಭಾರ ತಾಳಲಾರಳು ಎಂದು ದೊರೆ ಅತಿ ಹಗುರವಾದ ಹನ್ನೆರಡು ಬೋರಿನ ಕೋವಿಯನ್ನು ಕೊಟ್ಟು, ಅದಕ್ಕೆ ಎಲ್ಲರೂ ಹಾಕುವ ಜೋರು ತೋಟಾವನ್ನೇ ತುಂಬಿದ. ಒಂದೇ ಈಡಿಗೆ ಆಕೆ ಹೂವಿನ ಪಾತಿಯಲ್ಲಿ ಕೂತಿದ್ದಳು. ಅಜ್ಜ ಇದನ್ನು ಹೇಳಿ ನಗುತ್ತಿದ್ದ. ಲೆಕ್ಕ ಗೊತ್ತಾದ ಮೇಲೆ ನನಗೆ ನಗು ಬರಲಿಲ್ಲ. ಹಗುರ ಮಾಡಬೇಕಾಗಿದ್ದದ್ದು ತೋಟಾವನ್ನು, ಕೋವಿಯನ್ನಲ್ಲ. ಆಕೆ ಮತ್ತೆಂದೂ ಕೋವಿ ಮುಟ್ಟಲಿಲ್ಲವಂತೆ, "ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ" ಎಂಬ ಮಾತು ತೋಟದ ತುಂಬ ಉಳಿಯಿತಂತೆ.

ಇನ್ನು 1946ರ ಆ ದಿನ. ಅಜ್ಜ ಇದನ್ನು ತಾನಾಗಿ ಹೇಳಿದವನಲ್ಲ. ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ, ಅವನಿಗೆ ಕಾಯಿಲೆಯಾಗಿ ಮಲಗಿದ್ದಾಗ ಕೇಳಿ ಕೇಳಿ ಹೇಳಿಸಿದ್ದು.

ಬೆಳಿಗ್ಗೆ ದೊರೆ ಹಗುರ ರೈಫಲ್ಲಿನಿಂದ ಒಂದು ಒಂಟಿ ಕಾಟಿಗೆ ಹೊಡೆದಿದ್ದ. ಸರಿಯಾಗಿ ಬೀಳಲಿಲ್ಲ. ರಕ್ತದ ಜಾಡು ಹಿಡಿದು ಮಧ್ಯಾಹ್ನದವರೆಗೂ ಗುಡ್ಡ ಹತ್ತಿ ಇಳಿದರು. ಮುಂದೆ ಜಾಡು ನೋಡುವ ಆಳು, ಅವನ ಹಿಂದೆ ದೊರೆ, ದೊರೆಯ ಹಿಂದೆ ಅಜ್ಜ. ಕಡಿದಾದ ಏರಿನಲ್ಲಿ ಅಜ್ಜ ಒಂದು ಹೆಜ್ಜೆ ಹಿಂದೆ ಉಳಿಯಬೇಕಾದವನು ಹತ್ತು ಹನ್ನೆರಡು ಹೆಜ್ಜೆ ಹಿಂದುಳಿದ. ಕಾಟಿ ಸುತ್ತುಬಳಸಿ ಬಂದು ಲಂಟಾನದ ಮರೆಯಲ್ಲಿ ನಿಂತಿತ್ತು. ಅದು ನುಗ್ಗಿದಾಗ ದೊರೆ ಹಿಂದಕ್ಕೆ ನೋಡದೆ ಕೈ ಚಾಚಿದ.

"ಆ ಕೈ ನನಗೆ ಕಾಣ್ತಿತ್ತು ಮಗಾ" ಎಂದ ಅಜ್ಜ. "ಬೆರಳು ಹೀಗೆ ಬಿಚ್ಚಿಕೊಂಡು ಇತ್ತು. ನಾನು ಓಡ್ತಾ ಇದ್ದೆ."

ದೊರೆ ಕೈಯಲ್ಲಿದ್ದ ಹಗುರದರಿಂದಲೇ ಹೊಡೆದ. ಕಾಟಿ ಬಿದ್ದದ್ದು ಹೌದು, ಆದರೆ ಜಾಡು ನೋಡುವ ಆಳನ್ನು ಎತ್ತಿ ಬಿಸಾಡಿದ ಮೇಲೆ. ಅವನ ತೊಡೆಯ ಮೂಳೆ ಮುರಿಯಿತು. ಜೀವ ಉಳಿಯಿತು, ಆದರೆ ಕಾಲು ಗಿಡ್ಡವಾಯಿತು. ತೋಟದ ಕೆಲಸಕ್ಕೆ ಅವನು ಮತ್ತೆ ಬರಲಾಗಲಿಲ್ಲ. ದೊರೆ ಆಸ್ಪತ್ರೆಯ ಖರ್ಚು ಕೊಟ್ಟ. "ಕೋವಿ ತಡವಾಯಿತು" ಎಂದು ಒಂದೇ ಮಾತು ಹೇಳಿದನಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಜ್ಜ.

"ಆ ಸೀಸ ಇಲ್ಲದಿದ್ದರೆ ಮುಟ್ಟುತ್ತಿದ್ದಿಯಾ?" ಎಂದು ನಾನು ಕೇಳಿದೆ. ಅಜ್ಜ ಬಹಳ ಹೊತ್ತು ಮಾಡಿನ ಹೆಂಚು ನೋಡುತ್ತ ಮಲಗಿದ್ದ. "ಹೇಗೆ ಹೇಳೋದು? ಬೆಳಿಗ್ಗೆ ಗಂಜಿ ಸರಿಯಾಗಿ ಕುಡಿದಿರಲಿಲ್ಲ. ಕಾಲಿಗೆ ಜಿಗಣೆ ಹತ್ತಿತ್ತು." ಅಷ್ಟರಲ್ಲಿ ಕಷಾಯ ತಂದ ಅಜ್ಜಿ, "ಜಿಗಣೆಯೂ ಅಲ್ಲ ಗಂಜಿಯೂ ಅಲ್ಲ, ಆ ಸೀಸವೇ" ಎಂದು ಲೋಟವನ್ನು ಕುಕ್ಕಿ ಒಳಗೆ ಹೋದಳು.

ನಮ್ಮ ಮನೆಯಿಂದ ಪ್ರತಿವರ್ಷ ಒಕ್ಕಣೆ ಮುಗಿದ ಮೇಲೆ ಒಂದು ಮೂಟೆ ಭತ್ತ ಗುಡ್ಡದಾಚೆಯ ಒಂದು ಮನೆಗೆ ಹೋಗುತ್ತಿದ್ದದ್ದು ಯಾಕೆಂದು ನನಗೆ ಅವತ್ತು ತಿಳಿಯಿತು. ನಮಗೇ ಸಾಲದ ವರ್ಷವೂ ಹೋಗುತ್ತಿತ್ತು. ತಪ್ಪು ಸೀಸದ್ದು ಎನ್ನುತ್ತಿದ್ದ ಅಜ್ಜಿಯೇ ನಿಂತು ಅದನ್ನು ಅಳೆಯಿಸುತ್ತಿದ್ದಳು. ಅಜ್ಜ 1978ರಲ್ಲಿ ತೀರಿಕೊಂಡ. ಆಮೇಲೂ ಆ ಕುಂಟು ಮನುಷ್ಯ ಇರುವವರೆಗೆ, ಇನ್ನೂ ಆರು ವರ್ಷ, ಅಜ್ಜಿ ಮೂಟೆ ಕಳಿಸಿದಳು.

ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ದೊರೆ ತೋಟ ಮಾರಿ ಊರಿಗೆ ಹೋದ. ಕೋವಿಯನ್ನು ಕೊಂಡವರು ಭಾರೀ ಆಳು, ಒದೆತಕ್ಕೆ ಅಂಜುವವರಲ್ಲ. ಹಿಡಿ ಬಿಚ್ಚಿಸಿ ಸೀಸ ತೆಗೆಸಿದರು. 1972ರ ಕಾನೂನು ಬಂದು ಬೇಟೆಯೇ ನಿಂತ ಮೇಲೆ ಆ ಕೋವಿ ಎಲ್ಲಿ ಹೋಯಿತೋ. ಸೀಸದ ತುಂಡನ್ನು ಮಾತ್ರ ಬಡಗಿ ತಂದು ಅಜ್ಜನಿಗೆ ಕೊಟ್ಟಿದ್ದ. ಅದು ವರ್ಷಗಟ್ಟಲೆ ನಮ್ಮ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಕೆಳಗೆ ಕೂತಿತ್ತು. ಈಗ ನನ್ನಲ್ಲಿದೆ.

ಹೋದ ತಿಂಗಳು ಸೊಸೆ ಕೇಕ್ ಮಾಡಲೆಂದು ಗ್ರಾಂ ತೋರಿಸುವ ಒಂದು ಪುಟ್ಟ ತಕ್ಕಡಿ ತಂದಳು. ಅವಳು ಮಲಗಿದ ಮೇಲೆ, ಕೆಳಗೊಂದು ಹಳೆಯ ಕಾಗದ ಹಾಸಿ, ಆ ಸೀಸವನ್ನು ಅದರ ಮೇಲಿಟ್ಟು ನೋಡಿದೆ. ಒಂದು ಪೌಂಡಿಗೆ 454 ಗ್ರಾಂ ಇರಬೇಕು. ತಕ್ಕಡಿ 491 ತೋರಿಸಿತು. ಇಳಿಸಿ ಮತ್ತೊಮ್ಮೆ ಇಟ್ಟೆ. 491.