ಅಪರಿಚಿತರ ಮನೆಯಲ್ಲಿ ಎರಡು ರಾತ್ರಿ

ಮಗನೋ ಮಗಳೋ ವಿದೇಶಕ್ಕೆ ಹೊರಟರೆಂದರೆ ನಮ್ಮ ಮನೆಗಳಲ್ಲಿ ಮೊದಲು ಸಿದ್ಧವಾಗುವುದು ಚಟ್ನಿಪುಡಿ, ಉಪ್ಪಿನಕಾಯಿ. ಆಮೇಲೆ ಏಳುವ ಪ್ರಶ್ನೆ, ‘ಅಲ್ಲಿ ಉಳಿದುಕೊಳ್ಳುವುದೆಲ್ಲಿ?’ ಹೋಟೆಲೆಂದರೆ ಅಪ್ಪನಿಗೆ ದುಡ್ಡಿನ ಚಿಂತೆ; ಗುರುತು ಪರಿಚಯವಿಲ್ಲದವರ ಮನೆಯೆಂದರೆ ಅಮ್ಮನಿಗೆ ನಿದ್ದೆಯಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳ ತಂದೆತಾಯಿಗಳು ಇದನ್ನು ಆಗಾಗ ಕೇಳುತ್ತಾರೆ. ನಾನೂ ಹಾಗೆ ಉಳಿದು ಬಂದವಳಾದ್ದರಿಂದ ಎರಡು ಮಾತು ಹೇಳಬಹುದೆನಿಸಿದೆ.

‘ಸರ್ವಾಸ್’ ಎಂಬ ಸಂಸ್ಥೆಯೊಂದಿದೆ. ಬಾಬ್ ಲೂಯಿಟ್‌ವೈಲರ್ ಎಂಬ ಅಮೆರಿಕದ ಶಾಂತಿವಾದಿ ಗೆಳೆಯರ ಜೊತೆಗೂಡಿ 1949ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭಿಸಿದ್ದು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ನಾಲ್ಕೇ ವರ್ಷ. ಒಂದೇ ಮೇಜಿನಲ್ಲಿ ಕುಳಿತು ಉಂಡವರ ಮೇಲೆ ಬಂದೂಕು ಎತ್ತುವುದು ಕಷ್ಟವೆಂಬುದು ಇದರ ಹಿಂದಿನ ಸರಳ ನಂಬಿಕೆ. ಪ್ರಯಾಣಿಕರನ್ನು ಸಂದರ್ಶಿಸಿ ಪರಿಚಯಪತ್ರ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ರಾತ್ರಿಯ ವಾಸ. ಮನೆಯವರಿಗೆ ಹಣ ಕೊಡುವಂತಿಲ್ಲ.

ಕಷ್ಟವಿರುವುದು ಇಲ್ಲಿಯೇ. ಹೋಟೆಲಿನಲ್ಲಿ ಬಿಲ್ಲು ಕೊಟ್ಟರೆ ಋಣ ತೀರಿತು. ಇಲ್ಲಿ ತೀರಿಸುವುದು ಹೇಗೆ?

2004ರಲ್ಲಿ ನಾನು ಜರ್ಮನಿಯ ಟ್ಯೂಬಿಂಗೆನ್ನಿಗೆ ಹೋಗಿದ್ದೆ. ನೆಕ್ಕರ್ ನದಿಯ ದಂಡೆಯ ಊರು. ಅಲ್ಲಿಯ ವಿಶ್ವವಿದ್ಯಾಲಯ 1477ರಷ್ಟು ಹಳೆಯದು. ಆತಿಥ್ಯ ನೀಡಿದವರು ನಿವೃತ್ತ ದಂಪತಿಗಳು. ರಾತ್ರಿಯೂಟಕ್ಕೆ ಗಟ್ಟಿ ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ; ಬಿಸಿಯಾಗಿದ್ದುದು ಚಹಾ ಒಂದೇ. ಗೊತ್ತಿಲ್ಲದವರು ತಮ್ಮನ್ನು ಉದಾಸೀನ ಮಾಡಿದರೆಂದು ನೊಂದುಕೊಂಡಾರು. ಆದರೆ ಅಲ್ಲಿ ಎಷ್ಟೋ ಮನೆಗಳ ರಾತ್ರಿಯೂಟವೇ ಅದು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಪುಟ್ಟ ಫಲಕವೊಂದು ತೂಗುತ್ತಿತ್ತು: ‘ಕೇರ್‌ವೋಖೆ’. ಎಂದರೆ ಗುಡಿಸುವ ವಾರ. ಆ ಸೀಮೆಯ ಹಳೆಯ ಪದ್ಧತಿ. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿಗಳನ್ನು ಗುಡಿಸುವ ಸರದಿ ಆ ವಾರ ಆ ಮನೆಯದು. ಮುಗಿದ ಮೇಲೆ ಫಲಕ ನೆರೆಯವರ ಬಾಗಿಲಿಗೆ. ನಾನು ಪೊರಕೆಗೆ ಕೈ ಚಾಚಿದೆ. ‘ನೀವು ಅತಿಥಿ, ಬೇಡ’ ಎಂದರು ಆಕೆ. ‘ನಮ್ಮಲ್ಲಿ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡದೆ ಬೆಳಗಾಗುವುದೇ ಇಲ್ಲ’ ಎಂದೆ. ನಕ್ಕು ಪೊರಕೆ ಕೊಟ್ಟರು. ಇಬ್ಬರೂ ಮೆಟ್ಟಿಲಿಳಿಯುತ್ತ ಗುಡಿಸುತ್ತಿದ್ದಾಗ ಆಕೆ, ತಾವು ಮೂರು ವರ್ಷದ ಮಗುವಾಗಿದ್ದಾಗ ಯುದ್ಧಕ್ಕೆ ಹೋದ ತಂದೆ ಹಿಂದಿರುಗಲೇ ಇಲ್ಲವೆಂದು ಹೇಳಿದರು. ಹೊರಗಿನವರಿಗೆ ಅವರು ಬಾಗಿಲು ತೆರೆಯುವುದೇಕೆಂದು ನಾನು ಮತ್ತೆ ಕೇಳಲಿಲ್ಲ.

ಸಂಜೆ ನನ್ನ ಭಾಷೆಯ ವಿಚಾರ ಬಂತು. ಫರ್ಡಿನೆಂಡ್ ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿ 1853ರಲ್ಲಿ ನಮ್ಮ ನಾಡಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿ, 1903ರಲ್ಲಿ ಇದೇ ಟ್ಯೂಬಿಂಗೆನ್ನಿನಲ್ಲಿ ಕಣ್ಮುಚ್ಚಿದರು ಎಂದೆ. ಅವರು ಆ ಹೆಸರನ್ನೇ ಕೇಳಿರಲಿಲ್ಲ. ‘ನಮ್ಮೂರಲ್ಲಿದ್ದವರ ಪರಿಚಯ ಮಾಡಿಸಲು ನೀವು ಅಷ್ಟು ದೂರದಿಂದ ಬರಬೇಕಾಯಿತು’ ಎನ್ನುತ್ತ ಚೀಟಿಯಲ್ಲಿ ಬರೆದುಕೊಂಡರು. ನನ್ನ ಋಣ ಕೊಂಚ ಹಗುರವಾದಂತೆನಿಸಿತು.

ಹಾಗೆಂದು ಹೆತ್ತವರ ಅಂಜಿಕೆ ಅರ್ಥವಿಲ್ಲದ್ದಲ್ಲ. ಹೊರಡುವ ಮೊದಲು ಆ ಮನೆಯವರೊಡನೆ ನೇರವಾಗಿ ಮಾತನಾಡಿ. ಸಸ್ಯಾಹಾರಿಗಳಾದರೆ ಆಗಲೇ ತಿಳಿಸಿ. ಅವರ ವಿಳಾಸ, ಫೋನ್ ನಂಬರು ನಿಮ್ಮ ಮನೆಯಲ್ಲಿರಲಿ. ಹತ್ತಿರದ ಯೂತ್ ಹಾಸ್ಟೆಲಿನ ವಿಳಾಸ, ಅಲ್ಲಿ ಒಂದು ರಾತ್ರಿ ತಂಗುವಷ್ಟು ಹಣ ಮಕ್ಕಳ ಕೈಯಲ್ಲಿರಲಿ. ಮನಸ್ಸಿಗೆ ಸರಿಕಾಣದಿದ್ದರೆ ಚೀಲ ಎತ್ತಿಕೊಂಡು ಹೊರಟುಬಿಡಬೇಕು, ದಾಕ್ಷಿಣ್ಯ ಕೂಡದು ಎಂದು ಸ್ಪಷ್ಟವಾಗಿ ಹೇಳಿಕೊಡಿ.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಮನೆಯವರು ಎಂಥವರೋ ಎಂದು ನಾವು ಕೇಳುತ್ತೇವೆ. ನಮ್ಮ ಮಗು ಎಂಥ ಅತಿಥಿಯಾದೀತು ಎಂದು ಕೇಳಿಕೊಳ್ಳುವುದಿಲ್ಲ. ಉಂಡ ತಟ್ಟೆ ತಾನೇ ತೊಳೆಯಲು, ಹಾಸಿಗೆ ಮಡಿಸಿಡಲು, ತನ್ನ ಊರು, ಭಾಷೆಗಳ ಬಗ್ಗೆ ನಾಲ್ಕು ಮಾತಾಡಲು ಅದಕ್ಕೆ ಬರುತ್ತದೆಯೇ? ಇದನ್ನು ಕಲಿಸಲು ಪಾಸ್‌ಪೋರ್ಟು ಬರುವ ತನಕ ಕಾಯಬೇಕಿಲ್ಲ.